ಸಬೀನಾಳನ್ನು ಎರಡನೆಯ ಸಲ ಕೇಳಿದ್ದು

ಸೆಪ್ಟೆಂಬರಿನ ಟಪಾಲು ದೋಣಿಯಲ್ಲಿ ದ್ವೀಪದ ನಮ್ಮ ಮನೆಗೆ, ಮತಗಟ್ಟೆಯಲ್ಲಿ ತೋರಿಸುವ ಎರಡು ಮತದ ಚೀಟಿಗಳು ಬಂದವು. ಒಂದು ಫೆಸ್ಟಿ ಮುಲ್ಕೆರಿನ್ ಎಂಬ ನನಗೆ, ಇನ್ನೊಂದು ಸಬೀನಾ ಮುಲ್ಕೆರಿನ್‌ಗೆ. ಸಬೀನಾ ನನ್ನ ಹೆಂಡತಿ. ಅವಳು ಫೆಬ್ರವರಿಯಲ್ಲೇ ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು.

ತಪ್ಪು ಸರ್ಕಾರದವರದಲ್ಲ, ನನ್ನದೇ. ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ಒಂದು ಫಾರಂ ತುಂಬಿ ಕಳಿಸಬೇಕು. ಪಾದ್ರಿಗಳು ಅದನ್ನು ಮನೆಗೇ ತಂದುಕೊಟ್ಟಿದ್ದರು. ನಾನು ತುಂಬಲಿಲ್ಲ. ಅವಳ ಹೆಸರು ಎಲ್ಲಾದರೂ ಒಂದು ಕಡೆ ಇದ್ದುಕೊಂಡು ಹೋಗಲಿ ಅನ್ನಿಸಿತ್ತು.

ಆದರೆ ಚೀಟಿ ಕೈಗೆ ಬಂದಾಗ ಮೈಯೆಲ್ಲ ಉರಿದುಹೋಯಿತು. ಹೋದ ವರ್ಷ ಜೂನ್‌ನಲ್ಲಿ ತಾನೇ ಯುರೋಪ್ ಒಕ್ಕೂಟದ ಇದೇ ಲಿಸ್ಬನ್ ಒಪ್ಪಂದ ಬೇಕೋ ಬೇಡವೋ ಎಂದು ನಮ್ಮನ್ನು ಕೇಳಿದ್ದರು? ಐರ್ಲೆಂಡ್ ಬೇಡ ಎಂದಿತ್ತು. ಯುರೋಪಿನ ಬೇರೆ ದೇಶಗಳಲ್ಲಿ ಜನರನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಕೇಳಿದ್ದು ನಮ್ಮನ್ನು ಮಾತ್ರ, ನಮ್ಮ ಉತ್ತರ ಅವರಿಗೆ ಹಿಡಿಸಲಿಲ್ಲ. ಅದಕ್ಕೆ ಈಗ ಇನ್ನೊಂದು ಸಲ ಕೇಳುತ್ತಾರಂತೆ. ಕಿವುಡರೇ ಇವರು? ತನಗೆ ಬೇಕಾದ ಉತ್ತರ ಬರುವ ತನಕ ಹುಡುಗರನ್ನು ನಿಲ್ಲಿಸಿಕೊಳ್ಳುವ ಮೇಷ್ಟರ ಹಾಗೆ!

ಆ ಜೂನ್‌ನಲ್ಲಿ ನಾವಿಬ್ಬರೂ ಒಟ್ಟಿಗೇ ಹೋಗಿ ಮತ ಹಾಕಿದ್ದೆವು. ಅದಕ್ಕೆ ಮುಂಚೆ ಎರಡು ಮೂರು ತಿಂಗಳು ನಾನು ಅಡುಗೆಮನೆಯಲ್ಲಿ ಭಾಷಣ ಹೊಡೆದಿದ್ದೇ ಹೊಡೆದಿದ್ದು. ಒಕ್ಕೂಟ ನಡೆಸುವ ಬ್ರಸೆಲ್ಸಿನವರು ನಮ್ಮ ಕಡಲಿನ ಮೀನು ತಿಂದು ಮುಗಿಸಿದರು, ಇನ್ನು ನಮ್ಮ ಮಾತನ್ನೂ ತಿಂದು ತೇಗುತ್ತಾರೆ ಎಂದು ಮೇಜು ಗುದ್ದುತ್ತಿದ್ದೆ. ಸಬೀನಾ ಬ್ರೆಡ್ಡಿನ ಹಿಟ್ಟು ನಾದುತ್ತ ಹೂಂಗುಟ್ಟುತ್ತಿದ್ದಳು. ಮತ ಹಾಕಿ ಇಳಿಜಾರಿನಲ್ಲಿ ಬರುವಾಗ, "ಏನು ಹಾಕ್ದೆ?" ಎಂದು ಕೇಳಿದೆ.

"ಬೇಡ ಅಂತಾನೇ ಹಾಕ್ದೆ. ಸಮಾಧಾನ ಆಯ್ತಾ?" ಎಂದಳು.

ಫಲಿತಾಂಶ ಬಂದ ದಿನ ರೇಡಿಯೋ ಜೋರು ಮಾಡಿ, ಹಿಟ್ಟಿನ ಕೈಯಲ್ಲೇ ಅವಳನ್ನು ಎಳೆದು ಎರಡು ಸುತ್ತು ಕುಣಿಸಿದ್ದೆ. ನಾವಿಬ್ಬರೂ ಸೇರಿ ಜೀವಮಾನದಲ್ಲಿ ಗೆದ್ದದ್ದು ಅದೊಂದೇ.

ಫೆಬ್ರವರಿಯಿಂದ ಈಚೆಗೆ ಹೂಂಗುಟ್ಟುವವರಿಲ್ಲ. ರೇಡಿಯೋದ ಜೊತೆ ಜಗಳವಾಡುತ್ತೇನೆ, ಅದು ತನ್ನ ಪಾಡಿಗೆ ಹವಾಮಾನ ಹೇಳುತ್ತದೆ. ಒಬ್ಬನಿಗೆ ಎಷ್ಟು ಆಲೂಗಡ್ಡೆ ಬೇಯಿಸಬೇಕು ಎಂಬ ಅಂದಾಜು ಇನ್ನೂ ಸಿಕ್ಕಿಲ್ಲ. ಕೆಲವು ದಿನ ಮಧ್ಯಾಹ್ನ ಮೂರರ ತನಕ ಬಾಯಿಯನ್ನೇ ಬಿಚ್ಚಿರುವುದಿಲ್ಲ. ಆಮೇಲೆ ನಾಯಿಗೆ ಏನಾದರೂ ಹೇಳಿದರೆ ಅದು ಬೇರೆ ಯಾರದೋ ಧ್ವನಿಯಂತೆ ಕೇಳುತ್ತದೆ. ಒಂಟಿತನ ತಡೆಯಲಾಗುತ್ತಿಲ್ಲ, ಅದನ್ನು ಮುಚ್ಚಿಟ್ಟು ಏನಾಗಬೇಕು?

ಅದಿರಲಿ. ಸಬೀನಾಳ ಉತ್ತರವನ್ನು ಕಸಕ್ಕೆ ಎಸೆದು ಹೊಸದಾಗಿ ಕೇಳಿದರೆ ಅವಳು ಎಲ್ಲಿಂದ ಎದ್ದುಬಂದು ಹೇಳಬೇಕು? ಅವಳು ಬೇಡ ಎಂದಿದ್ದಳು. ಆ ಬೇಡ ಈ ಸಲವೂ ಪೆಟ್ಟಿಗೆಗೆ ಬೀಳಲೇಬೇಕು, ನಾನೇ ಹಾಕುತ್ತೇನೆ ಎಂದು ತೀರ್ಮಾನ ಮಾಡಿದೆ. ಅದು ಅಪರಾಧ ಎಂದು ಗೊತ್ತಿತ್ತು. ನಮ್ಮ ಅಜ್ಜನ ಕಾಲದಲ್ಲಿ ಚುನಾವಣೆಯ ದಿನ ಸ್ಮಶಾನವೂ ಎದ್ದುಬರುತ್ತಿತ್ತು ಎಂದು ದ್ವೀಪದವರು ನಗುತ್ತಿದ್ದರು. ಸಾಲದ್ದಕ್ಕೆ ಮತಗಟ್ಟೆಯ ಅಧಿಕಾರಿಣಿ ಬೇರೆ ಯಾರೂ ಅಲ್ಲ, ಅಟ್ರಾಕ್ಟಾ, ಸಬೀನಾಳ ಸ್ವಂತ ತಂಗಿ. ಆಚೆ ದಡದಲ್ಲಿ ಅಕ್ಕತಂಗಿಯರ ಹುಟ್ಟೂರು ಕಾರ್ನದಲ್ಲೇ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಅಕ್ಕನ ಮಾತನ್ನು ತಂಗಿ ಉಳಿಸದೆ ಇರುತ್ತಾಳೆಯೇ?

ದ್ವೀಪದವರಾದ ನಾವು ಉಳಿದ ದೇಶಕ್ಕಿಂತ ಮುಂಚೆ ಮತ ಹಾಕುತ್ತೇವೆ. ಗಾಳಿ ಎದ್ದುಬಿಟ್ಟರೆ ಪೆಟ್ಟಿಗೆ ಎಣಿಕೆಗೆ ತಲುಪುವುದಿಲ್ಲವಲ್ಲ, ಅದಕ್ಕೆ. ಗುರುವಾರ ಬೆಳಿಗ್ಗೆ ಅಟ್ರಾಕ್ಟಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯಲ್ಲಿ ಬಂದಳು. ಜೊತೆಗೆ ಕಾವಲಿಗೆ ಬಂದ ಪೊಲೀಸಿನವನು ಒಳನಾಡಿನವನು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಶಾಲೆಯ ಹೊರಗಿನ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತುಬಿಟ್ಟ. ಮಕ್ಕಳಿಲ್ಲದೆ ಮುಚ್ಚಿಹೋದ ಶಾಲೆ ಅದು, ಮತ ಹಾಕುವ ದಿನ ಮಾತ್ರ ಅದರ ಬೀಗ ತೆಗೆಯುತ್ತಾರೆ.

ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರು. ಎಲ್ಲರೂ ಬಂದು ಹೋಗುವುದನ್ನೇ ಕಾದಿದ್ದು, ಮಧ್ಯಾಹ್ನ ಒಳಗೆ ಹೋಗಿ ಎರಡೂ ಚೀಟಿಗಳನ್ನು ಮೇಜಿನ ಮೇಲೆ ಇಟ್ಟೆ.

ಅಟ್ರಾಕ್ಟಾ ಕನ್ನಡಕ ಸರಿಮಾಡಿಕೊಂಡು ಅಕ್ಕನ ಹೆಸರನ್ನು ಓದಿದಳು. ತುಂಬ ಹೊತ್ತು ಓದಿದಳು.

"ಇದೇನು ಫೆಸ್ಟಿ?"

"ಮತ. ಒಂದು ನಂದು, ಒಂದು ಅವಳದು. ಎರಡು ಕಾಗದ ಕೊಡು."

"ತಲೆ ನೆಟ್ಟಗಿದೆಯಾ ನಿಂಗೆ?"

"ನನ್ನ ತಲೆ ನೆಟ್ಟಗೇ ಇದೆ. ಒಂದ್ಸಲ ಕೇಳಿ ಉತ್ತರ ತಗೊಂಡು, ಮತ್ತೆ ಅದೇ ಕೇಳ್ತಾರಲ್ಲ, ಅವ್ರ ತಲೆ ನೋಡು ಹೋಗು. ನಿಮ್ಮಕ್ಕ ಬೇಡ ಅಂದಿದ್ಳು. ಆ ಮಾತಿಗೆ ಬೆಲೆ ಇಲ್ವಾ?"

"ಜನ ಮನಸ್ಸು ಬದಲಾಯಿಸ್ಬಾರ್ದು ಅಂತ ಕಾನೂನಿದೆಯೇನಯ್ಯಾ? ಈ ಒಂದು ವರ್ಷದಲ್ಲಿ ಬ್ಯಾಂಕು ಮುಳುಗಿದ್ವು, ಕೆಲಸ ಹೋದ್ವು. ಕೇಳಿದ್ರೆ ಏನು ತಪ್ಪು? ಈಗ್ಲೂ ಬೇಡ ಅನ್ನಿಸಿದ್ರೆ ಬೇಡ ಅನ್ನು."

"ಬೇಡ ಅಂದ್ರೆ ತಾನೇ ಇನ್ನೊಂದ್ಸಲ ಕೇಳೋದು! ಹೌದು ಅಂದಿದ್ರೆ ಕೇಳ್ತಿದ್ರಾ? ಈಗ ಹೌದು ಅಂತ ಬರಲಿ, ಆಮೇಲೆ ಸತ್ತರೂ ಕೇಳಲ್ಲ. ಇದು ಗೌರವಾನಾ, ಹೇಳು ಮೇಡಂ?"

ಆ ಮಾತಿಗೆ ಅವಳ ಹತ್ತಿರ ಉತ್ತರವಿರಲಾರದು ಎಂದುಕೊಂಡಿದ್ದೆ. ರೇಡಿಯೋದವರ ಹತ್ತಿರವೂ ಇರಲಿಲ್ಲ. ಅಟ್ರಾಕ್ಟಾ ಕನ್ನಡಕ ತೆಗೆದು ಕೆಳಗಿಟ್ಟಳು.

"ಕಾರ್ನದಲ್ಲಿ ದೋಣಿ ಪಂದ್ಯದ ದಿನ ಸಬೀನಾನ ನೀನು, ನನ್ನ ಮದುವೆ ಆಗ್ತೀಯಾ ಅಂತ ಕೇಳಿದ್ದೆಯಲ್ಲ, ಅವಳು ಏನಂದ್ಳು?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನಂದ್ಳು?"

"ಬೇಡ ಅಂದ್ಳು. ದ್ವೀಪಕ್ಕೆ ಬರೋಕಾಗಲ್ಲ ಅಂದ್ಳು."

"ಮತ್ತೆ ಮುಂದಿನ ವರ್ಷ ಯಾಕೆ ಕೇಳ್ದೆ? ಆ ಬೇಡಕ್ಕೆ ಬೆಲೆ ಇರ್ಲಿಲ್ವಾ?"

"ನಾನು ಅವಳನ್ನ ಪ್ರೀತಿಸ್ತಿದ್ದೆ ಕಣೇ!"

"ಸರ್ಕಾರದವ್ರೂ ನಿಮ್ಮ ಒಳ್ಳೇದಕ್ಕೇ ಅಂತಾರಪ್ಪ."

"ಎರಡನೇ ಸಲ ನಾನು ಬರಿಗೈಲಿ ಕೇಳ್ಲಿಲ್ಲ. ಎರಡು ಚಳಿಗಾಲ ಮಾತ್ರ ದ್ವೀಪದಲ್ಲಿ, ಆಮೇಲೆ ಕಾರ್ನದಲ್ಲೇ ಮನೆ ಮಾಡ್ತೀನಿ ಅಂತ ಭರವಸೆ ಕೊಟ್ಟೆ."

"ಇವ್ರೂ ಕೊಟ್ಟಿದಾರಲ್ಲ. ಯುದ್ಧಕ್ಕೆ ಎಳೆಯಲ್ಲ, ತೆರಿಗೆ ಮುಟ್ಟಲ್ಲ ಅಂತ ಬರೆದು ಕೊಟ್ಟಿದಾರೆ."

"ಅವ್ರ ಭರವಸೆ ಯಾರು ನಂಬ್ತಾರೆ!" ಎಂದೆ.

ಬಾಯಿಂದ ಬಂದ ಮೇಲೆ ತಿಳಿಯಿತು ಏನು ಹೇಳಿದೆ ಎಂದು. ಅಟ್ರಾಕ್ಟಾ ನಕ್ಕುಬಿಟ್ಟಿದ್ದರೆ ಜಗಳ ಮುಂದುವರಿಸಬಹುದಿತ್ತು. ಅವಳು ನಗಲಿಲ್ಲ.

"ನಿಂದನ್ನ ಸಬೀನಾ ನಂಬಿದ್ಳು," ಎಂದಳು ಮೆಲ್ಲಗೆ.

"ನಮ್ಮಮ್ಮ ಹಾಸಿಗೆ ಹಿಡಿದ್ರು ಅಟ್ರಾಕ್ಟಾ. ಆಮೇಲೆ ದೋಣಿ ಕೆಟ್ಟು ಕೂತಿತು. ಆಮೇಲೆ..." ಅವಳನ್ನು ದ್ವೀಪದಲ್ಲೇ ಉಳಿಸಿಕೊಂಡ ನಲವತ್ತೊಂದು ವರ್ಷಕ್ಕೆ ಸಾಲುವಷ್ಟು ನೆವ ನನ್ನ ಹತ್ತಿರ ಇರಲಿಲ್ಲ. "ಅವಳು ಒಂದಿನಾನೂ ಹೋಗ್ಬೇಕು ಅನ್ಲಿಲ್ಲ."

"ನೀನು ಕೇಳಿದ್ಯಾ? ಅವಳು ಹೌದು ಅಂದ ಮೇಲೆ ಒಂದೇ ಒಂದು ಸಲ ಕೇಳಿದ್ಯಾ?"

ಹೊರಗೆ ಪೊಲೀಸಿನವನು ಕೆಮ್ಮಿದ. ನನಗೆ ಕೂರಬೇಕೆನಿಸಿತು. ಮಕ್ಕಳ ಕುರ್ಚಿಯೊಂದು ಇತ್ತು, ಅದರಲ್ಲೇ ಕೂತೆ. ಕೇಳಿರಲಿಲ್ಲ. ಹೌದು ಎಂದಳಲ್ಲ, ಮುಗಿಯಿತು ಎಂದುಕೊಂಡಿದ್ದೆ. ಅಲ್ಲ, ಸುಳ್ಳೇಕೆ? ಕೇಳಿದರೆ ಏನು ಹೇಳಿಬಿಡುತ್ತಾಳೋ ಎಂಬ ಹೆದರಿಕೆ ಇತ್ತು. ಅದಕ್ಕೇ ಕೇಳಲಿಲ್ಲ.

"ಹೋದ ವರ್ಷ ಅವಳು ಹಾಕಿದ್ದು ಬೇಡ ಅಂತಾನೇ ತಾನೇ?" ಎಂದು ಕೇಳಿದೆ. "ನಿನ್ನ ಹತ್ರ ಏನಾದ್ರೂ ಹೇಳಿದ್ಳಾ?"

"ಹೇಳ್ಲಿಲ್ಲ. ಹೇಳಿದ್ರೂ ಈ ಕುರ್ಚಿ ಮೇಲೆ ಕೂತು ನಾನು ಬಾಯಿ ಬಿಡ್ತಿರ್ಲಿಲ್ಲ. ಆದ್ರೆ ಫೆಸ್ಟಿ, ಮೂರು ತಿಂಗಳು ನೀನು ಮೇಜು ಗುದ್ದಿದ ಮನೇಲಿ ಅವಳು ನಿಂಗೆ ಬೇರೆ ಏನು ಹೇಳಬಹುದಿತ್ತು?"

ನನಗೆ ಅಳು ಬಂತು. ಅರವತ್ತೊಂಬತ್ತು ವರ್ಷದವನು ಮಕ್ಕಳ ಕುರ್ಚಿಯಲ್ಲಿ ಕೂತು ಅತ್ತೆ. ಅಟ್ರಾಕ್ಟಾ ಎದ್ದು ಬಂದು ಸಮಾಧಾನ ಮಾಡಲಿಲ್ಲ. ಅವಳೂ ಆ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಆಮೇಲೆ ಒಂದು ಕಾಗದಕ್ಕೆ ಮುದ್ರೆ ಒತ್ತಿ ಕೊಟ್ಟಳು. ಒಂದೇ ಒಂದಕ್ಕೆ. ನಾನು ಇನ್ನೊಂದು ಕೇಳಲಿಲ್ಲ. ಮರೆಗೆ ಹೋಗಿ ದಾರ ಕಟ್ಟಿದ ಪೆನ್ಸಿಲ್ ತಗೊಂಡು ಬೇಡ ಎನ್ನುವ ಚೌಕದಲ್ಲಿ ಗುರುತು ಹಾಕಿದೆ. ಸರ್ಕಾರದವರ ಮೇಲಿನ ಸಿಟ್ಟು ಇಳಿದಿರಲಿಲ್ಲ, ಇವತ್ತಿಗೂ ಇಳಿದಿಲ್ಲ. ನನ್ನ ಉತ್ತರ ನನಗೆ ಗೊತ್ತಿತ್ತು. ಸಬೀನಾಳದು ಏನೆಂದು ನನಗೆ ಗೊತ್ತಿಲ್ಲ. ಒಪ್ಪಂದದ ವಿಷಯದಲ್ಲೂ ಗೊತ್ತಿಲ್ಲ, ನನ್ನ ವಿಷಯದಲ್ಲೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಸಂಜೆಗೆ ಗಾಳಿ ಏಳುತ್ತದೆಂದು ದೋಣಿಯವನು ಅವಸರ ಮಾಡಿದ. ಪೆಟ್ಟಿಗೆಯ ಜೊತೆ ದೋಣಿಕಟ್ಟೆಯ ತನಕ ನಾನೂ ಹೋದೆ. ಪೊಲೀಸಿನವನು ಹತ್ತುವ ಮೊದಲೇ ಬೆವರುತ್ತಿದ್ದ. ಅಟ್ರಾಕ್ಟಾ ಒಂದು ಕಾಲು ದೋಣಿಯಲ್ಲಿಟ್ಟು ನಿಂತು ನನ್ನತ್ತ ತಿರುಗಿದಳು.

"ಕಾರ್ನದ ನಮ್ಮ ಮನೇಲಿ ಹಿಂದಿನ ಕೋಣೆ ಖಾಲಿ ಇದೆ. ನಾಯೀನೂ ಕರ್ಕೊಂಡು ಬಾ. ಈ ಚಳಿಗಾಲ ಒಂದನ್ನ ಅಲ್ಲೇ ಕಳೆ. ಬರ್ತೀಯಾ?"

"ಬೇಡ," ಎಂದೆ. ಯೋಚನೆಯನ್ನೂ ಮಾಡಲಿಲ್ಲ, ಅಭ್ಯಾಸ.

"ಸರಿ. ಕ್ರಿಸ್ಮಸ್ಸಿಗೆ ಇನ್ನೊಂದ್ಸಲ ಕೇಳ್ತೀನಿ. ಬೈಬೇಡ ಮತ್ತೆ."

ಹಗ್ಗ ಬಿಚ್ಚಿ ಎಸೆದೆ. ದೋಣಿ ಕಟ್ಟೆಯಿಂದ ಸರಿಯಿತು. ನನ್ನ ಮನೆಯ ಕಡೆ ತಿರುಗಿ ನೋಡಿದೆ, ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಕಟ್ಟೆಯ ತುದಿಯ ತನಕ ಓಡಿದೆ.

"ಕೇಳು ಅಟ್ರಾಕ್ಟಾ!" ಎಂದು ಕೂಗಿದೆ. "ಆಗ್ಲೂ ಬೇಡ ಅಂದ್ರೆ ಮತ್ತೂ ಒಂದ್ಸಲ ಕೇಳು!"