ವಕೀಲರ ಜಡೆತಂತಿ

ಇದು ನಿಜವಾಗಿ ನಡೆದದ್ದು. ಸುಳ್ಳು ದನಿಯಲ್ಲಿ ಮಾತಾಡಿದ್ದಷ್ಟೇ ನನ್ನ ಪಾಲು.

ನನ್ನ ಸೋದರಮಾವ ಆಂಪ್ಲಿಫೈಯರ್ ಕಟ್ಟುವವರು. ಎರಡು ವರ್ಷದಿಂದ ಅವರ ಬಲಗೈ ನಡುಗುತ್ತಿತ್ತು. ವಾದದಷ್ಟೇ ವಾದ್ಯವನ್ನೂ ಪ್ರೀತಿಸುವ ವಕೀಲರೊಬ್ಬರಿಗೆ ಕಟ್ಟಿಕೊಟ್ಟದ್ದು ಎರಡು ಸಲ ಸುಟ್ಟು ವಾಪಸು ಬಂತು. ಅಂಗಡಿಯಲ್ಲಿ ದಿನವಿಡೀ ಹಾಡುತ್ತಿತ್ತು. ವಕೀಲರ ಮನೆಯಲ್ಲಿ ಹೊಗೆ.

"ಬೆಸುಗೆ ಕೆಟ್ಟಿದೆ ಕಣೋ. ಕೈ ಕೈಕೊಡ್ತಿದೆ," ಎಂದರು ಮಾವ. "ಇನ್ನೊಂದ್ಸಲ ಸುಟ್ರೆ ಅಂಗಡಿ ಮುಚ್ಚಿಬಿಡ್ತೀನಿ."

"ಮುಚ್ಚಿ, ಮನೇಲಿ ಕೂತು ನನ್ನ ತಲೆ ತಿನ್ನಿ," ಎಂದರು ಅತ್ತೆ. ಯಾರೂ ನಗಲಿಲ್ಲ.

ಮೂರನೆಯ ಸಲ ಜೋಡಿಸಲು ವಕೀಲರ ಮನೆಗೆ ನಾನು ಹೋದೆ. ವಕೀಲರು ಕೋರ್ಟಿನಲ್ಲಿದ್ದರು. ಸ್ವಿಚ್ ಹಾಕಿದೆ. ಹಾಡೇ ಇಲ್ಲ, ಆಗಲೇ ಪೆಟ್ಟಿಗೆ ಕೈಸುಡುವಷ್ಟು ಬಿಸಿ! ಆರಿಸಿ, ಹಿಂದೆ ಬಗ್ಗಿ ನೋಡಿದರೆ ಸ್ಪೀಕರಿಗೆ ಹೊಸ ಕೇಬಲ್: ಹದಿನಾರು ಎಳೆ, ಜಡೆಯಂತೆ ಬಿಗಿಯಾಗಿ ಹೆಣೆದದ್ದು, ಹನ್ನೆರಡು ಮೀಟರ್. ಹೋಗುವ ತಂತಿ, ಬರುವ ತಂತಿ ಅಷ್ಟುದ್ದ ಅಪ್ಪಿಕೊಂಡರೆ ಕೇಬಲ್ಲೇ ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಆಗುತ್ತದೆ. ಆಂಪ್ಲಿಫೈಯರ್ ಹಿಡಿತ ತಪ್ಪಿ, ಕಿವಿಗೆ ಕೇಳದ ವೇಗದಲ್ಲಿ ಅದುರುತ್ತಾ ತನ್ನನ್ನೇ ಸುಟ್ಟುಕೊಳ್ಳುತ್ತದೆ. ನಮ್ಮ ಅಂಗಡಿಯಲ್ಲಿ ಅದಕ್ಕೆ 'ನಡುಕ' ಎಂದೇ ಹೆಸರು.

ಚೀಲದಲ್ಲಿದ್ದ ಮಾಮೂಲಿ ಎರಡೆಳೆ ವೈರು ಹಾಕಿದೆ. ಒಂದು ಗಂಟೆ ಹಾಡಿದರೂ ಪೆಟ್ಟಿಗೆ ಬರೀ ಉಗುರುಬೆಚ್ಚಗೆ.

ಖುಷಿಗೆ ನಾಲಿಗೆ ತುರಿಸಿತು. ವಕೀಲರ ಮನೆ ಫೋನಿನಿಂದಲೇ, ವಕೀಲರ ಮೂಗುದನಿಯಲ್ಲೇ ಅಂಗಡಿಗೆ ಕರೆಮಾಡಿದೆ. "ಏನ್ರೀ ರಿಪೇರಿಯವ್ರೇ, ಎಲ್ಲಾ ನಡುಕದ್ದೇ ಕೆಲ್ಸ ಕಣ್ರೀ!" ತಂತಿಯ ನಡುಕ ಎಂದು ಮುಂದುವರಿಸಬೇಕು, ಅಷ್ಟರಲ್ಲಿ ಮಾವ, "ಗೊತ್ತು ಸ್ವಾಮಿ. ಇನ್ಮೇಲೆ ಮಾಡಲ್ಲ," ಎಂದು ಫೋನಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಜಡೆತಂತಿ ಸುತ್ತಿಕೊಂಡು ಓಡಿದೆ. ಅಂಗಡಿಯಲ್ಲಿ ಮಾವ ಬೆಸುಗೆ ಕಡ್ಡಿಯ ವೈರನ್ನು ಬುಡಕ್ಕೇ ಕತ್ತರಿಸಿ, ಅದನ್ನು ನೀಟಾಗಿ ಸುತ್ತಿಡುತ್ತಿದ್ದರು. ಅತ್ತೆ ಗೋಡೆ ನೋಡುತ್ತಾ ನಿಂತಿದ್ದರು.

"ಮಾವ, ಫೋನ್ ಮಾಡಿದ್ದು ನಾನು! ತಪ್ಪು ನಿಮ್ಮ ಬೆಸುಗೇದಲ್ಲ, ಈ ಜಡೇದು. ತೆಗೆದೆ, ನಡುಕ ನಿಂತ್ಹೋಯ್ತು."

ಮಾವ ಜಡೆತಂತಿಯನ್ನು ಬೆರಳಿಂದ ಬಿಡಿಸಿ ನೋಡಿದರು. "ಬೆಸುಗೆ?"

"ಗಟ್ಟಿಯಾಗಿದೆ ಮಾವ."

ಅತ್ತೆ ನನ್ನ ಬೆನ್ನಿಗೊಂದು ಬಾರಿಸಿ ನಕ್ಕರು. ನಾನೂ ನಕ್ಕೆ. ಮಾವ ಬಲಗೈಯನ್ನು ನನ್ನ ಮೂಗಿನ ಮುಂದೆ ಹಿಡಿದರು; ಅದು ಅದುರುತ್ತಲೇ ಇತ್ತು.

"ಇದಕ್ಕೆ ಯಾವ ವೈರು ಹಾಕ್ತೀಯೋ, ಕೋತಿ?"

ನಮ್ಮ ನಗು ಅಲ್ಲಿಗೇ ನಿಂತಿತು. ಮಾವ ಮಾತ್ರ ಬೀದಿಯವರು ತಿರುಗಿ ನೋಡುವಷ್ಟು ಜೋರಾಗಿ ನಗುತ್ತಿದ್ದರು.