ಹಸಿರು ಕೊಡೆ ಇದ್ದ ಜಾಗ

ಎರ್ಲಿಂದಾಳ ಮಂಡಿಗಳು ಕೈಕೊಟ್ಟಿದ್ದವು. ಅವಳು ಕಟ್ಟುವ ನಕತಮಾಲ್‌ಗೆ ಮನಾಗುವಾ ನಗರದಲ್ಲಿ ಹೆಸರಿತ್ತು. ಜೋಳದ ಹಿಟ್ಟಿನ ನಡುವೆ ಹಂದಿಮಾಂಸ, ಅಕ್ಕಿ, ಪುದೀನ ಇಟ್ಟು, ಬಾಳೆಲೆಯಲ್ಲಿ ಸುತ್ತಿ ಅವಳು ಬೇಯಿಸಿದ್ದು ಇಲ್ಲದೆ ಭಾನುವಾರದ ಕಾಫಿ ಕುಡಿಯದವರು ಎಷ್ಟೋ ಮಂದಿ. ಈಗ ಆ ದೊಡ್ಡ ಹಂಡೆ ಯಾರ ಪಾಲಾಗಬೇಕು ಎಂಬುದೊಂದೇ ಪ್ರಶ್ನೆ. ಪಕ್ಕದೂರು ತಿಪಿತಾಪಾದಲ್ಲಿದ್ದ ಸೊಸೆ ಬಾಯಿಬಿಟ್ಟೇ ಕೇಳಿದ್ದಳು. ಅಕ್ಕನ ಮಗಳು ನೊಎಮಿ ಕೇಳಿರಲಿಲ್ಲ. ಆದರೆ ತೊಳೆದಿಟ್ಟ ಹಂಡೆಯ ಅಂಚನ್ನು ಅವಳು ಮತ್ತೆ ಬಂದು ಒರೆಸುವುದನ್ನು ಎರ್ಲಿಂದಾ ನೋಡಿದ್ದಳು.

"ಈ ಭಾನುವಾರ ನಿನ್ ಮನೇಲೇ ಮಾರು," ಎಂದಳು ಎರ್ಲಿಂದಾ. "ಮಧ್ಯಾಹ್ನ ಚರ್ಚಿನ ಗಂಟೆ ಹೊಡೆಯೋದ್ರೊಳಗೆ ಹಂಡೆ ಖಾಲಿಯಾದ್ರೆ ಅದು ನಿಂದು. ಇಲ್ಲಾಂದ್ರೆ ಸೊಸೆ ಬಂದು ಎತ್ಕೊಂಡು ಹೋಗ್ತಾಳೆ."

ಅಡುಗೆಯ ಬಗ್ಗೆ ನೊಎಮಿಗೆ ಅನುಮಾನವಿರಲಿಲ್ಲ. ಅನುಮಾನವೆಲ್ಲ ವಿಳಾಸದ ಬಗ್ಗೆ.

ಅವಳ ಮನೆ ಇದ್ದದ್ದು ಬಲ್ತಸಾರ್ ಬಿಬಾಸ್ ಬೀದಿಯಲ್ಲಿ. ಹಾಗೆಂದು ಗೊತ್ತಾದದ್ದು ಕಳೆದ ವರ್ಷ, ಯಾವುದೋ ಕಚೇರಿಯವರು ಬಂದು ಬೀದಿಯ ಎರಡೂ ಕೊನೆಗೆ ನೀಲಿ ಫಲಕ ನೆಟ್ಟುಹೋದ ಮೇಲೆ. ಓದಿದರೆ ಎರಡೂ ಒಂದೇ, ಬರೆದದ್ದು ಮಾತ್ರ ಬೇರೆ ಬೇರೆ. ಅಲ್ಲಿನ ಭಾಷೆಯಲ್ಲಿ 'ಬ' ಎನ್ನುವುದಕ್ಕೆ ಎರಡು ಅಕ್ಷರಗಳಿವೆ, 'ಸ' ಎನ್ನುವುದಕ್ಕೂ ಹಾಗೆಯೇ. ಕತ್ತೆ ಎಂಬ ಪದಕ್ಕೆ ಬರುವುದು ಕತ್ತೆಯ ಬ, ಹಸು ಎಂಬುದಕ್ಕೆ ಬರುವುದು ಹಸುವಿನ ಬ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಊರ ಕೆರೆಯ ಕಡೆಗಿನ ಫಲಕದ ಬಿಬಾಸ್‌ಗೆ ಎರಡೂ ಹಸುವಿನವು. ಇನ್ನೊಂದು ಕೊನೆಯದಕ್ಕೆ ಎರಡೂ ಕತ್ತೆಯವು.

"ಬಿಬಾಸ್ ಅಂದ್ರೆ ಯಾರು ಅಂತ ಗೊತ್ತಾದ್ರೆ ಸರಿಯಾದ್ದು ಯಾವುದು ಅಂತಾನೂ ಗೊತ್ತಾಗುತ್ತೆ, ಅಲ್ವಾ ಚಿಕ್ಕಮ್ಮ?"

"ದಂಡನಾಯಕ ಇರ್ಬೇಕು. ಇಲ್ಲಾ ಹಲ್ಲು ಕೀಳೋನು. ನಮ್ಮನೇಗೆ ಜನ ಹೇಗೆ ಬರ್ತಾರೆ ಹೇಳು? ಸಿನಿಮಾ ಮಂದಿರ ಇದ್ದ ಜಾಗದಿಂದ ಎರಡು ಅಡ್ಡರಸ್ತೆ ಮೇಲಕ್ಕೆ, ಸೂರ್ಯ ಹುಟ್ಟೋ ಕಡೆಗೆ."

"ಆ ಮಂದಿರ ಭೂಕಂಪದಲ್ಲಿ ಬಿದ್ದಾಗ ನಾನು ಹುಟ್ಟೇ ಇರ್ಲಿಲ್ಲ."

"ಹುಟ್ಟಿದ್ರೂ ನೀನೇನು ಅದನ್ನ ಹಿಡ್ಕೊಂಡು ನಿಲ್ತಿರ್ಲಿಲ್ವಲ್ಲ. ಜನ ಬರ್ತಾರೋ ಇಲ್ವೋ?"

ಬರುತ್ತಿದ್ದರು, ನಿಜ. ಆದರೆ ನೊಎಮಿ ಸಂಜೆ ಶಾಲೆಗೆ ಹೋಗುವವಳು. ಬೀದಿಯ ಹೆಸರು ಮತ್ತು ಮನೆಯ ಸಂಖ್ಯೆ ಇಲ್ಲದ್ದು ವಿಳಾಸವೇ ಅಲ್ಲ ಎಂದು ಮೇಷ್ಟ್ರು ಹೇಳಿದ್ದರು. ಅವರನ್ನೇ ಕೇಳಿದಳು. ಅವರು ಬಹಳ ಹೊತ್ತು ಯೋಚಿಸಿ, ಬಲ್ತಸಾರ್‌ಗೆ ಎರಡೂ ಸ ನಡೆಯುತ್ತದೆ, ಬಿಬಾಸ್ ಮಾತ್ರ ಅವರವರ ಮನೆತನದ ವಿಚಾರ ಎಂದು ಕೈತೊಳೆದುಕೊಂಡರು. ನೊಎಮಿಗೆ ನಿದ್ದೆ ಹತ್ತಲಿಲ್ಲ. ಕೊನೆಗೆ ಯಾವ ಫಲಕಕ್ಕೂ ಅನ್ಯಾಯವಾಗಬಾರದೆಂದು, ಚರ್ಚಿನ ಬಾಗಿಲಿಗೆ ಅಂಟಿಸಿದ ಮಾರಾಟದ ಚೀಟಿಯಲ್ಲಿ ಹಸುವಿನ ಬಿಬಾಸ್ ಬರೆದಳು. ಕಿರಾಣಿ ಅಂಗಡಿಯ ಚೀಟಿಯಲ್ಲಿ ಕತ್ತೆಯದು.

ಭಾನುವಾರ ಬೆಳಕು ಹರಿದಾಗ ಹಂಡೆ ಘಮಘಮಿಸುತ್ತಿತ್ತು. ಚರ್ಚಿನಲ್ಲಿ ಮೊದಲ ಪೂಜೆ ಮುಗಿಯಿತು. ಯಾರೂ ಬರಲಿಲ್ಲ. ಎದುರುಮನೆಯ ದೋನ್ ಎಬೆನೋರ್ ಎಂದಿನಂತೆ ಜಗಲಿಯ ಮೇಲೆ ತೂಗುಕುರ್ಚಿ ಹಾಕಿಕೊಂಡು ಕೂತಿದ್ದರು.

"ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು ಕಣಮ್ಮ," ಎಂದರು. "ಈಗ ತಾನೇ ಒಬ್ಬ ಪಾತ್ರೆ ಹಿಡ್ಕೊಂಡು ಬಂದಿದ್ದ. ಬಿಬಾಸ್ ಬೀದಿ ಎಲ್ಲಿ ಅಂದ. ಗೊತ್ತಿಲ್ಲಪ್ಪ ಅಂದೆ. ಅದೆಲ್ಲಿದೆ?"

"ದೋನ್ ಎಬೆನೋರ್, ನೀವು ಕೂತಿರೋದೇ ಬಿಬಾಸ್ ಬೀದೀಲಿ."

"ಹೌದಾ? ಇಷ್ಟು ವರ್ಷದಿಂದ ಕೂತಿದೀನಿ, ಯಾರೂ ಪರಿಚಯ ಮಾಡಿಸ್ಲಿಲ್ಲ."

"ಆಯಪ್ಪ ಯಾವ ಕಡೆ ಹೋದ್ರು?"

"ಕೆಳಗಡೆ. ಅವನ ಹಿಂದೆ ಇನ್ನೂ ಇಬ್ಬರು ಹೋದ್ರು. ಮುಂದೆ ಹೋಗೋನಿಗೆ ದಾರಿ ಗೊತ್ತಿರುತ್ತೆ ಅಂದ್ಕೊಂಡ್ರೋ ಏನೋ."

ನೊಎಮಿ ಒಳಗೆ ಓಡಿದಳು. ಬಂದವರಿಗೆ ಎತ್ತಿಕೊಡಲೆಂದು ಬೆಳಗ್ಗೆಯೇ ಬಂದಿದ್ದ ಎರ್ಲಿಂದಾ ಒಲೆಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಹಂಡೆಯ ಮುಚ್ಚಳ ಸರಿಸಿ ನೋಡಿ ಮುಚ್ಚಿ, ಮತ್ತೆ ಎಣ್ಣೆ ತಿಕ್ಕತೊಡಗಿದಳು. ಬೈದಿದ್ದರೇ ವಾಸಿಯಿತ್ತು.

ಬಾಗಿಲ ಹಿಂದೆ ತೂಗುಹಾಕಿದ್ದ ಹಸಿರು ಕೊಡೆ ತೆಗೆದುಕೊಂಡು ನೊಎಮಿ ಬೀದಿಯ ಮೂಲೆಗೆ ಹೋದಳು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮಾರುವವರ ಹಾಗೆ ಕೂಗಲು ಅವಳಿಗೆ ನಾಚಿಕೆ. ಅದಕ್ಕೇ ದಾರಿಯಲ್ಲಿ ಹೋಗುವ ಒಬ್ಬೊಬ್ಬರ ಬಳಿಯೂ ಹೋಗಿ, "ಕ್ಷಮಿಸಿ, ನೀವೇನಾದ್ರೂ ನಕತಮಾಲ್ ಹುಡುಕ್ತಿದೀರಾ?" ಎಂದು ಮೆಲ್ಲಗೆ ಕೇಳತೊಡಗಿದಳು. ಬಸ್ಸಿಗೆ ಕಾದಿದ್ದ ಪೊಲೀಸನನ್ನೂ ಕೇಳಿದಳು. ಅವನು ಹುಡುಕುತ್ತಿರಲಿಲ್ಲ. ಕೇಳಿದ ಮೇಲೆ ಮಾತ್ರ ಅವನಿಗೂ ಬೇಕೆನಿಸಿತು.

ಪಾತ್ರೆ ಹಿಡಿದ ಆಸಾಮಿ ಬೆವರು ಸುರಿಸುತ್ತಾ ಹಿಂದಿರುಗಿ ಬಂದ. ಅವನ ಹಿಂದೆ ಹೋಗಿದ್ದವರೂ ಬಂದರು. ನೊಎಮಿ ಕೊಡೆಯಿಂದಲೇ ಮನೆಯ ಕಡೆ ತೋರಿಸಿದಳು. ಹತ್ತು ಗಂಟೆಯ ಪೂಜೆ ಬಿಡುವ ಹೊತ್ತಿಗೆ ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಟ್ಯಾಕ್ಸಿಯವನೊಬ್ಬ ಹಿಂದಿನ ಸೀಟಿನ ಹೆಂಗಸಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು: "ಅಲ್ಲಿ ಕೊಡೆಯಮ್ಮ ನಿಂತಿದಾಳಲ್ಲ, ಅಲ್ಲಿಂದ ಕೆರೆ ಕಡೆಗೆ ಅರ್ಧ ಬೀದಿ. ಎರ್ಲಿಂದಾ ಕೈರುಚಿನೇ ಅಂತೆ."

ಆ ಮೂಲೆಯ ಕಂಬದ ಮೇಲೆಯೇ ಬೀದಿಯ ನೀಲಿ ಫಲಕವೂ ಇತ್ತು. ಅವಳ ಕೊಡೆ ಅದಕ್ಕೆ ಪೂರಾ ಅಡ್ಡವಾಗಿತ್ತು. ಪಕ್ಕಕ್ಕೆ ಸರಿದು ನಿಲ್ಲು ಎಂದು ಯಾರೂ ಹೇಳಲಿಲ್ಲ.

ಮಧ್ಯಾಹ್ನದ ಗಂಟೆಗೆ ಸ್ವಲ್ಪ ಮೊದಲು ಮನೆಗೆ ಬಂದು ಹಂಡೆಯೊಳಗೆ ಇಣುಕಿದಳು. ತಳದಲ್ಲಿ ಎರಡು ಉಳಿದಿದ್ದವು.

"ಖಾಲಿಯಾಗಿಲ್ಲ ಚಿಕ್ಕಮ್ಮ," ಎಂದಳು. ಕಣ್ಣು ತುಂಬಿತ್ತು. "ನಿಮ್ ಸೊಸೆಗೆ ಹೇಳಿ ಕಳಿಸಿ."

ಎರ್ಲಿಂದಾ ಎರಡನ್ನೂ ಎತ್ತಿ ಒಂದರ ದಾರ ಬಿಚ್ಚಿದಳು. ಇನ್ನೊಂದನ್ನು ಅವಳ ಕೈಗಿಟ್ಟಳು. "ಬೆಳಗ್ಗಿಂದ ನನಗೆ ಯಾರಾದ್ರೂ ಏನಾದ್ರೂ ಕೊಟ್ರಾ? ಹಂಡೆ ಖಾಲಿಯಾಗ್ಬೇಕು ಅಂದಿದ್ದೆ. ಯಾರು ತಿನ್ಬೇಕು ಅಂತ ಅಂದಿರ್ಲಿಲ್ಲ. ಬೇಗ ತಿನ್ನು, ಗಂಟೆ ಹೊಡೀತಾರೆ."

ನೊಎಮಿ ಬಾಯಿ ಸುಟ್ಟುಕೊಂಡು ತಿಂದಳು. ಇದು ನ್ಯಾಯವೇ ಎಂಬ ಯೋಚನೆ ಮಾತ್ರ ವಾರವಿಡೀ ಅವಳನ್ನು ಬಿಡಲಿಲ್ಲ.

ಮುಂದಿನ ಭಾನುವಾರ ಕೊಡೆ ಬಾಗಿಲ ಹಿಂದೆಯೇ ಇತ್ತು. ಅವಳು ಕಾಫಿಗೆ ಬ್ರೆಡ್ ತರಲು ಹೊರಟಿದ್ದಳು. ಮೂಲೆಯಲ್ಲಿ ಚೀಲ ಹಿಡಿದ ಮುದುಕಿಯೊಬ್ಬಳು ಅತ್ತ ಇತ್ತ ನೋಡುತ್ತಾ ನಿಂತಿದ್ದಳು. ನೀಲಿ ಫಲಕ ಅವಳ ತಲೆಯ ಮೇಲೆಯೇ ಇತ್ತು.

"ಮಗಳೇ, ನೀನು ಇದೇ ಕಡೆಯವಳಾ? ಆ ಕೊಡೆಯಮ್ಮ ಇದ್ದದ್ದು ಎಲ್ಲಿ?"

ನೊಎಮಿ ಬಾಯಿ ತೆರೆದಳು. ಅದು ತಾನೇ ಎನ್ನಬೇಕೆ? ಬಲ್ತಸಾರ್ ಬಿಬಾಸ್ ಬೀದಿ ಎನ್ನಬೇಕೆ? ಹಸುವಿನದೋ, ಕತ್ತೆಯದೋ? ಮುದುಕಿ ಕಾಯುತ್ತಿದ್ದಳು. ಮನೆಯಲ್ಲಿ ಹಂಡೆ ಕಾಯುತ್ತಿತ್ತು.

"ಇಲ್ಲೇ ಅಮ್ಮ," ಎಂದಳು. "ಇಲ್ಲಿಂದ ಕೆರೆ ಕಡೆಗೆ ಅರ್ಧ ಬೀದಿ."

ಮುದುಕಿ ಎರಡು ಹೆಜ್ಜೆ ಇಟ್ಟಿರಬೇಕು. ನೊಎಮಿಗೆ ಮನಸ್ಸು ತಡೆಯಲಿಲ್ಲ. ಕರೆದು ನಿಲ್ಲಿಸಿ, ಕಂಬದ ಆಚೆ ಬದಿಗೆ ಹೋಗಿ ನಿಂತಳು.

"ತಪ್ಪು ಹೇಳ್ಬಿಟ್ಟೆ ಅಮ್ಮ. ಅವಳು ನಿಂತಿದ್ದು ಇಲ್ಲಿ."