ಮನೆ ಬಿಚ್ಚುವ ಮುನ್ನ

ಹಳೆಯ ಪೈನ್ ಹಲಗೆಯಿಂದ ಮೊಳೆ ಕಿತ್ತಾಗ ಒಂದು ವಾಸನೆ ಏಳುತ್ತದೆ. ಎಷ್ಟೋ ವರ್ಷ ಮರದೊಳಗೆ ಮುಚ್ಚಿಕೊಂಡಿದ್ದ ಅಂಟಿನ ವಾಸನೆ ಅದು, ಸ್ವಲ್ಪ ಸಿಹಿ, ಸ್ವಲ್ಪ ಘಾಟು. ನಾನು ಚಿಕ್ಕವಳಿದ್ದಾಗ ಆ ವಾಸನೆ ಬಂತೆಂದರೆ ಓಣಿಯಲ್ಲಿ ಯಾರದೋ ಮನೆ ಹೊರಟಿದೆ ಎಂದು ಗೊತ್ತಾಗುತ್ತಿತ್ತು. ಮನೆಯವರು ಹೊರಡುವುದಲ್ಲ, ಮನೆಯೇ ಹೊರಡುವುದು. ಬಾರ್ಬಡೋಸಿನಲ್ಲಿ ನಮ್ಮಂಥವರ ಹಲಗೆಮನೆಗಳಿಗೆ ಪಾಯ ಇರುತ್ತಿರಲಿಲ್ಲ. ಹವಳಗಲ್ಲಿನ ದಿಮ್ಮಿಗಳ ಮೇಲೆ ಸುಮ್ಮನೆ ಕೂತಿರುತ್ತಿದ್ದವು. ನೆಲ ಕಬ್ಬಿನ ತೋಟದ ಒಡೆಯನದು, ಮನೆ ಮಾತ್ರ ನಮ್ಮದು. ಒಡೆಯ ಹೋಗು ಎಂದರೆ ಬೆಳಿಗ್ಗೆ ಗೋಡೆ ಬಿಚ್ಚಿ ಗಾಡಿಗೆ ಹೇರಿ, ಕತ್ತಲಾಗುವುದರೊಳಗೆ ಇನ್ನೊಂದು ಕಡೆ ನಿಲ್ಲಿಸಿಬಿಡುತ್ತಿದ್ದರು.

ಆಗ ಅದು ಬದುಕುವ ಉಪಾಯವಾಗಿತ್ತು. ಈಗ ಅದೇ ಅಭ್ಯಾಸ ನಮ್ಮ ಕಾಲ ಕೆಳಗಿನ ನೆಲವನ್ನು ಕಿತ್ತುಕೊಳ್ಳುತ್ತಿದೆ. ಅದಕ್ಕಾಗಿಯೇ ನನ್ನ ಪಕ್ಕದ ಮನೆಯ ಡಾರ್ನ್ಲಿ ಗಿಟನ್ಸ್‌ನ ಸಂಗತಿಯನ್ನು ನಿಮಗೆ ಹೇಳುತ್ತಿದ್ದೇನೆ.

ನಮ್ಮ ಹುಣಸೆ ಓಣಿ ಇರುವುದು ಹ್ಯಾಮ್ಲಿನ್ಸ್ ಎಂಬ ಊರಿನ ಅಂಚಿನಲ್ಲಿ. ಕಬ್ಬು ಇದ್ದ ಕಡೆ ಈಗ ದೊಡ್ಡ ರಸ್ತೆ. ರಸ್ತೆಯ ಆಚೆ ಬ್ಯಾಂಕು, ವಿಮೆ ಕಂಪನಿ, ಕಾರು ಮಾರುವ ಅಂಗಡಿ, ಗಾಜಿನ ಕಚೇರಿಗಳು. ಕಚೇರಿಗಳು ಬಂದಮೇಲೆ ಬಾಡಿಗೆ ಏರಿತು. ಮೊದಲು ಒಂದು ಸಂಸಾರ ಇಡೀ ಮನೆಗೆ ಕೊಡುತ್ತಿದ್ದ ಬಾಡಿಗೆಗೆ ಈಗ ಹಿತ್ತಲಿನ ಒಂದು ಕೋಣೆಯೂ ಸಿಗುವುದಿಲ್ಲ. ಆ ಗಾಜುಗಳನ್ನು ಒರೆಸುವ ಹೆಂಗಸರು ದೂರದ ಊರುಗಳಿಂದ ಬಸ್ಸು ಬದಲಿಸಿಕೊಂಡು ಬರುತ್ತಾರೆ.

ಡಾರ್ನ್ಲಿ ಬಡಗಿ. ಹಲಗೆಮನೆ ಬಿಚ್ಚುವುದರಲ್ಲಿ ಅವನಷ್ಟು ನಾಜೂಕಿನವರು ನಮ್ಮ ಕಡೆ ಯಾರೂ ಇಲ್ಲ. ಪ್ರತಿ ಹಲಗೆಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಯಾವುದರ ಪಕ್ಕ ಯಾವುದು ಎಂದು ಬರೆದಿಡುತ್ತಾನೆ. ಅವನ ಹೆಂಡತಿ ವೆಲ್ಡಾ ಓಣಿಯ ತುದಿಯ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ಮಗಳು ಅಲ್ಲಿಯೇ ಓದುತ್ತಾಳೆ. ಡಾರ್ನ್ಲಿ ಹುಟ್ಟಿದ್ದು ಅದೇ ಮನೆಯಲ್ಲಿ, ಅದೇ ಜಾಗದಲ್ಲಿ.

ನೆಲದ ಒಡೆಯರು ತೀರಿಕೊಂಡ ಮೇಲೆ ಅವರ ಮಕ್ಕಳು ಓಣಿಯನ್ನು ಒಂದು ಕಂಪನಿಗೆ ಮಾರುವ ಮಾತಾಡಿದರು. ಕಂಪನಿಯವರು ಮನೆಮನೆಗೆ ಬಂದರು. ಯಾರನ್ನೂ ಹೆದರಿಸಲಿಲ್ಲ. ಮನೆ ಸಾಗಿಸಲು ಲಾರಿ ಬಿಟ್ಟಿಯಾಗಿ ಕೊಡುತ್ತೇವೆ ಎಂದರು, ಅಷ್ಟೆ.

ಬುಧವಾರ ಸಂಜೆ ನಾನೂ ವೆಲ್ಡಾಳೂ ಅವಳ ಮನೆಯ ಮೆಟ್ಟಿಲ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದೆವು. ಎದುರು ಮನೆಯ ಕೆಟೂರಾ ಬಸ್ಸಿಳಿದು ಬಂದಳು. ಅವಳು ರಾಜಧಾನಿ ಬ್ರಿಜ್‌ಟೌನಿನಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ.

"ಏನೇ ವೆಲ್ಡಾ, ಪರದೆ ಎಲ್ಲ ತೆಗ್ದುಬಿಟ್ಟಿದೀಯ. ಒಗೆಯೋಕಾ?"

"ಗಂಟು ಕಟ್ಟೋಕೆ. ಶನಿವಾರ ಮನೆ ಹೊರಡುತ್ತೆ."

"ಎಲ್ಲಿಗೆ?"

"ಸೇಂಟ್ ಫಿಲಿಪ್ ಕಡೆ. ಕಂಪನಿಯವ್ರೇ ಜಾಗ ನೋಡಿದಾರಂತೆ. ಮೊದಮೊದಲು ನೆಲಬಾಡಿಗೇನೂ ಅವ್ರೇ ಕಟ್ತಾರಂತೆ."

ಕೆಟೂರಾ ಕೈಚೀಲ ಕೆಳಗಿಟ್ಟಳು. "ಬರೀ ಅಂತೆ, ಅಂತೆ. ಆ ಜಾಗ ನೀವು ನೋಡಿದ್ರಾ?"

ಬಾಗಿಲಲ್ಲಿ ಕೂತು ಮೊಳೆ ಕೀಳುವ ಮೀಟುಗೋಲಿಗೆ ಎಣ್ಣೆ ಹಚ್ಚುತ್ತಿದ್ದ ಡಾರ್ನ್ಲಿ ತಲೆ ಎತ್ತಲಿಲ್ಲ. "ನೋಡೋದೇನಮ್ಮ? ನೆಲ ಎಲ್ಲಾ ಕಡೇನೂ ನೆಲಾನೇ. ನನ್ನ ಮನೇನ ಒಂದು ದಿನದಲ್ಲಿ ನಿಲ್ಲಿಸ್ತೀನಿ. ಬೇಕಾದ್ರೆ ಚಂದ್ರನ ಮೇಲೂ ನಿಲ್ಲಿಸ್ತೀನಿ."

"ಹಾಗಾದ್ರೆ ಅಲ್ಲಿಗೇ ಹೋಗು. ಬಾಡಿಗೆ ಕಮ್ಮಿ ಇರಬಹುದು," ಎಂದಳು ವೆಲ್ಡಾ.

ಕೆಟೂರಾ ನಗಲಿಲ್ಲ. "ಡಾರ್ನ್ಲಿ ಅಣ್ಣ, ಸ್ವಲ್ಪ ಕೇಳು. ನಿಮ್ಮಮ್ಮನ ಕಾಲದಿಂದ ಈ ಜಾಗದಲ್ಲಿದೀರಿ. ನೆಲಬಾಡಿಗೆ ತಪ್ಪಿಸಿಲ್ಲ. ಇಷ್ಟು ವರ್ಷ ಇದ್ದವ್ರಿಗೆ ಈ ಜಾಗ ತಾವೇ ಕೊಳ್ಳೋ ಹಕ್ಕು ಕಾನೂನಲ್ಲಿದೆ. ಬೆಲೆನೂ ಆ ಗಾಜಿನ ಮನೆಯವ್ರು ಕೊಡೋ ಬೆಲೆ ಅಲ್ಲ."

"ನೆಲ ಅವ್ರದ್ದು. ನಮಗೆಲ್ಲಿಂದ ಬಂತು ಹಕ್ಕು?"

"ಇಲ್ಲಿ ಬಾಳಿದ್ರಿಂದ ಬಂತು. ಆದ್ರೆ ಇಲ್ಲಿ ಇರೋ ತನಕ ಮಾತ್ರ. ಮನೆ ಎತ್ಕೊಂಡು ಹೋದ್ರೆ ನೀವಾಗೇ ಜಾಗ ಬಿಟ್ಟ ಹಾಗೆ. ಆಮೇಲೆ ಯಾವ ಬಾಯಲ್ಲಿ ಕೇಳ್ತೀರಿ? ಲಾರಿ ಯಾಕೆ ಬಿಟ್ಟಿ ಕೊಡ್ತಾರೆ ಅಂದ್ಕೊಂಡಿದೀಯ?"

"ನಮ್ಮ ತಾತ ಈ ಮನೇನ ಎಷ್ಟು ಸಲ ಎತ್ತಿ ಇಟ್ಟ. ಏನು ಮುಳುಗಿ ಹೋಯ್ತು?"

"ತಾತನ ಕಾಲದಲ್ಲಿ ಒಂದು ತೋಟ ಬಿಟ್ರೆ ಇನ್ನೊಂದು ತೋಟ ಇತ್ತು. ಈಗ ಎಲ್ಲಿದೆ ತೋರಿಸು."

"ನೀನು ವಕೀಲರಿಗೆ ಟೈಪ್ ಮಾಡಿಕೊಡ್ತೀಯ ಕೆಟೂರಾ, ನೀನೇ ವಕೀಲೆ ಅಲ್ಲ," ಎಂದ ಡಾರ್ನ್ಲಿ.

ಕೆಟೂರಾಳ ಮುಖ ಸಣ್ಣದಾಯಿತು. ಆದರೂ ಎದ್ದು ಹೋಗಲಿಲ್ಲ. ನನ್ನ ಮಡಿಲಿನಿಂದ ಒಂದಿಷ್ಟು ಕಾಯಿ ತೆಗೆದುಕೊಂಡು ಸುಲಿಯತೊಡಗಿದಳು. ಅವಳ ಆ ತಾಳ್ಮೆಯಿಂದಲೇ ಮಾತು ಅಲ್ಲಿಗೆ ಮುರಿಯಲಿಲ್ಲ.

ವೆಲ್ಡಾ ಗಂಡನನ್ನು ಕೇಳಿದಳು. "ಮಿಸ್ ಎಲ್ಮಿನಾ ಮನೆ ಅಲ್ಲಿ ಚೆನ್ನಾಗಿ ನಿಂತಿದೆಯಾ?"

ಎಲ್ಮಿನಾ ಬ್ಯಾಬ್ ನಮ್ಮ ಓಣಿಯ ಹಿರಿಯರು. ಈಸ್ಟರಿಗೆ ಮುಂಚೆ ಇದೇ ಕಂಪನಿಯ ಲಾರಿಯಲ್ಲಿ ಅವರ ಮನೆ ಸೇಂಟ್ ಫಿಲಿಪ್ ಕಡೆಗೇ ಹೋಗಿತ್ತು. ಬಿಚ್ಚಿದವನು ಡಾರ್ನ್ಲಿ.

"ನಾನು ಬಿಚ್ಚಿ ಲಾರಿಗೆ ಹಾಕಿಸ್ದೆ. ನಿಲ್ಲಿಸೋಕೆ ಅಲ್ಲಿ ಬೇರೆಯವ್ರು ಇದಾರೆ ಅಂದ್ರು."

"ಅಂದ್ರೆ ನೀನು ನೋಡಿಲ್ಲ."

ಅವನು ಮೀಟುಗೋಲನ್ನು ಮತ್ತೆ ಒರೆಸತೊಡಗಿದ.

"ನಾಳೆ ಹೋಗಿ ನೋಡು," ಎಂದಳು ವೆಲ್ಡಾ. "ನಿಂತಿದ್ರೆ ನಾನು ಬಾಯಿ ಮುಚ್ಕೊಂಡು ಹೊರಡ್ತೀನಿ. ನಿಂತಿಲ್ಲಾಂದ್ರೆ ಶನಿವಾರ ನೀನೊಬ್ನೇ ಹೋಗು."

ಗುರುವಾರ ಅವನ ಜೊತೆ ನಾನೂ ಹೋದೆ. ಎಲ್ಮಿನಾರನ್ನು ನೋಡಿ ಬಹಳ ದಿನವಾಗಿತ್ತು. ನಾನು ಕೂತು ಗಟ್ಟಿಯಾಗಿ ಹಿಡಿದುಕೊಳ್ಳುವ ತನಕ ಬಸ್ಸಿನ ಚಾಲಕ ಗಾಡಿ ಬಿಡದೆ ಕನ್ನಡಿಯಲ್ಲಿ ನೋಡುತ್ತ ಕಾದ. ದಾರಿಯುದ್ದಕ್ಕೂ ಡಾರ್ನ್ಲಿ ಕಿಟಕಿಯಾಚೆ ಹಲಗೆಮನೆಗಳನ್ನೇ ಹುಡುಕುತ್ತಿದ್ದ.

ಎಲ್ಮಿನಾ ಇದ್ದದ್ದು ತಮ್ಮನ ಮಗನ ಮನೆಯಲ್ಲಿ, ಹಿಂದಿನ ಒಂದು ಕೋಣೆಯಲ್ಲಿ. ನಮ್ಮನ್ನು ಕಂಡು ಮುಖ ಅರಳಿತು. ಇದ್ದ ಒಂದೇ ಕುರ್ಚಿಯನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯಿಂದ ಒರೆಸಿ ನನ್ನನ್ನು ಕೂರಿಸಿದರು.

"ಮನೆ ಎಲ್ಲಿ, ಮಿಸ್ ಎಲ್ಮಿನಾ?" ಡಾರ್ನ್ಲಿ ನಿಂತೇ ಕೇಳಿದ.

"ಹಿತ್ತಲಲ್ಲಿದೆ ಕಣಪ್ಪ."

ಹಿತ್ತಲಿಗೆ ಹೋದೆವು. ಹುಲ್ಲಿನ ನಡುವೆ ಹಲಗೆಗಳ ಒಂದು ರಾಶಿ ಇತ್ತು. ಮೇಲೆ ಹರಿದ ಪ್ಲಾಸ್ಟಿಕ್ಕು. ಕಿಟಕಿಯ ಬಾಗಿಲುಗಳನ್ನು ಗೋಡೆಗೆ ಒರಗಿಸಿದ್ದರು. ಮಳೆ ಬಿದ್ದು ಕೆಳಗಿನ ಹಲಗೆಗಳು ಕಪ್ಪಾಗಿದ್ದವು.

"ಜಾಗ ಕೊಡ್ತೀನಿ ಅಂದಿದ್ದ ಯಜಮಾನ ಕೊಡಲಿಲ್ಲ," ಎಂದರು ಎಲ್ಮಿನಾ. "ಇಲ್ಲೂ ಈಗ ಕಚೇರಿಯವ್ರು ಮನೆ ಹುಡುಕ್ತಾರೆ. ಅವ್ರು ಕೊಡೋಷ್ಟು ನನ್ನ ಪಿಂಚಣೀಲಿ ಎಲ್ಲಿ ಬರುತ್ತೆ? ಬೇರೆ ಕಡೆ ಕೇಳ್ದೆ. ಹಲಗೆಮನೆ ಬೇಡ, ಕಲ್ಲುಗೋಡೆ ಮನೆ ಕಟ್ಟೋರಿಗೆ ಮಾತ್ರ ಅಂದ್ರು."

"ಕಂಪನಿಯವ್ರು?"

"ಲಾರಿ ಕೊಟ್ವಲ್ಲ, ಇನ್ನೇನು ಅಂದ್ರು. ಅದೂ ನಿಜಾನೇ. ಕೊಟ್ಟಿದ್ರು."

ಡಾರ್ನ್ಲಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಂದು ಹಲಗೆ ಎಳೆದ. ಅದರ ಮೇಲೆ ಅವನದೇ ಅಕ್ಷರ, ಸೀಮೆಸುಣ್ಣದ ಗುರುತು, ಇನ್ನೂ ಅರ್ಧ ಉಳಿದಿತ್ತು. ಹಲಗೆಯ ತುದಿ ಹಿಡಿದರೆ ಬೆರಳು ಒಳಗೆ ಹೋಯಿತು. ಗೆದ್ದಲು ತಿಂದಿತ್ತು. ಅವನು ಒಂದೊಂದೇ ಹಲಗೆಯನ್ನು ಎತ್ತಿ ನೋಡಿದ. ಯಾವುದು ಅಡುಗೆಮನೆಯದು, ಯಾವುದು ಮುಂಬಾಗಿಲಿನದು ಎಂದು ಅವನಿಗೆ ಗೊತ್ತಿತ್ತು. ಅದೆಲ್ಲ ಗೊತ್ತಿದ್ದವನು ಅವನೊಬ್ಬನೇ.

"ನನಗೆ ಯಾಕೆ ಹೇಳಿಕಳಿಸಲಿಲ್ಲ?" ಎಂದ ಕೊನೆಗೆ.

"ಏನಂತ ಹೇಳಿಕಳಿಸಲಿ ಡಾರ್ನ್ಲಿ? ನೀನು ಕೆಲಸ ಚೆನ್ನಾಗೇ ಮಾಡಿದ್ದೆ. ಒಂದು ಗಾಜೂ ಒಡೆದಿರಲಿಲ್ಲ."

ಅವರು ಚುಚ್ಚಲು ಹೇಳಿದ ಮಾತಲ್ಲ ಅದು. ಅದಕ್ಕೇ ಅವನಿಗೆ ತಲೆ ಎತ್ತಲಾಗಲಿಲ್ಲ.

ಊರಿಗೆ ಬಂದಮೇಲೆ ಅವನು ನೇರವಾಗಿ ಕೆಟೂರಾಳ ಬಾಗಿಲಿಗೆ ಹೋದ. "ನಾಳೆ ನಿನ್ನ ಜೊತೆ ಬರ್ತೀನಿ. ಎಲ್ಲಿ ಅರ್ಜಿ ಹಾಕಬೇಕೋ ತೋರಿಸು," ಎಂದ. ಟೈಪ್ ಮಾಡುವವಳು ಎಂದದ್ದನ್ನು ಅವಳು ನೆನಪಿಸಲಿಲ್ಲ. "ಬೆಳಿಗ್ಗೆ ಬೇಗ ಹೊರಡಬೇಕು. ಊಟ ಕಟ್ಕೊ, ಅಲ್ಲಿ ಸಾಲು ಉದ್ದ ಇರುತ್ತೆ," ಎಂದಳು.

ಶುಕ್ರವಾರ ಅರ್ಜಿ ಹಾಕಿದರು. ಇವನು ಇದೇ ಜಾಗದಲ್ಲಿ ಹುಟ್ಟಿ ಬೆಳೆದದ್ದನ್ನು ಕಂಡವರು ಬಂದು ಹೇಳಬೇಕು ಎಂದರು ಅಲ್ಲಿಯ ಗುಮಾಸ್ತರು. ನಾನು ಹೋಗಿ ಪ್ರಮಾಣ ಮಾಡಿ ಹೇಳಿದೆ.

ಶನಿವಾರ ಬೆಳಿಗ್ಗೆ ಲಾರಿ ಬಂತು. ಜೊತೆಗೆ ಕಂಪನಿಯ ಯುವಕ ಫಿಲ್ಬರ್ಟ್ ಇದ್ದ. ಮರ್ಯಾದಸ್ಥ ಹುಡುಗ, ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ.

"ಮಿಸ್ಟರ್ ಗಿಟನ್ಸ್, ಇನ್ನೂ ಶುರುನೇ ಮಾಡಿಲ್ವಾ?"

"ಮಾಡಲ್ಲಪ್ಪ. ಈ ಮನೆ ಬಿಚ್ಚಲ್ಲ. ಜಾಗ ಕೊಳ್ಳೋಕೆ ಅರ್ಜಿ ಹಾಕಿದೀನಿ."

"ಈ ಓಣೀಲಿ ಎಷ್ಟೊಂದು ಮನೆ ನೀವೇ ಬಿಚ್ಚಿದೀರಲ್ಲ."

"ಅದಕ್ಕೇ ಬಿಚ್ಚಲ್ಲ ಅಂದಿದ್ದು."

"ನಾಳೆ ಬೇಕು ಅಂದ್ರೂ ಲಾರಿ ಬರಲ್ಲ, ಯೋಚನೆ ಮಾಡಿ."

ವೆಲ್ಡಾ ಮುಂದೆ ಬಂದಳು. "ತಮ್ಮಾ, ನೀನಿರೋದು ಎಲ್ಲಿ?"

"ಸೇಂಟ್ ಲೂಸಿ."

"ಅಷ್ಟು ದೂರಾನಾ? ನಿನ್ನ ಕಚೇರಿ ಇಲ್ಲೇ ಇದೆಯಲ್ಲ. ಇಲ್ಲೇ ಒಂದು ಮನೆ ಮಾಡಬಾರದಾ?"

ಅವನು ರಸ್ತೆಯಾಚೆ ನೋಡಿದ. "ಇಲ್ಲಿಯ ಬಾಡಿಗೆ ನಮ್ಮಂಥವ್ರಿಗೆ ಎಲ್ಲಿ ಆಗುತ್ತಮ್ಮ?" ಎಂದ. ಹಾಗೆಂದವನು ಮತ್ತೆ ಒತ್ತಾಯ ಮಾಡಲಿಲ್ಲ. ಲಾರಿ ಹಿಂದಕ್ಕೆ ಸರಿದು ತಿರುಗಿತು.

ಡಾರ್ನ್ಲಿಯ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಆಗುತ್ತದೆ ಎಂದು ನಾನು ಬಾಯಿಮಾತಿಗೆ ಭರವಸೆ ಕೊಡಲಾರೆ. ಆದರೆ ಅವನು ತನ್ನ ಜಾಗದಲ್ಲಿದ್ದಾನೆ, ಅವನಿಗೆ ಕೇಳುವ ಬಾಯಿ ಇದೆ. ಎಲ್ಮಿನಾರಿಗೆ ಅದೂ ಉಳಿದಿಲ್ಲ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬಡಾವಣೆಯ ಪಕ್ಕದಲ್ಲೂ ಕಚೇರಿಗಳು ಏಳುತ್ತಿರಬಹುದು. ನಿಮ್ಮ ಬಾಗಿಲಿಗೂ ಯಾರಾದರೂ ನಗುತ್ತ ಬಂದು, ಹೊರಡಲು ಸಹಾಯ ಮಾಡುತ್ತೇವೆ ಎನ್ನಬಹುದು. ಆ ದಿನವೇ ಹೂಂ ಎನ್ನಬೇಡಿ. ನೀವಿರುವ ಜಾಗದ ಮೇಲೆ ನಿಮಗೇನು ಹಕ್ಕಿದೆ ಎಂದು ತಿಳಿದವರನ್ನು ಮೊದಲು ಕೇಳಿ. ನೆಲ ನಮ್ಮದಲ್ಲ ಎಂದು ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಹೋಗುವ ಜಾಗವನ್ನು ನಿಮ್ಮ ಕಣ್ಣಿಂದ ನೋಡಿ, ನಿಮಗಿಂತ ಮುಂಚೆ ಹೋದವರು ಹೇಗಿದ್ದಾರೆ ಎಂದು ವಿಚಾರಿಸಿ. ಕೆಟೂರಾಳಂಥವರು ನಿಮ್ಮ ಓಣಿಯಲ್ಲೂ ಇರುತ್ತಾರೆ, ಅವರ ಮಾತಿಗೆ ಕಿವಿ ಕೊಡಿ. ನೆರೆಯವರ ಪರವಾಗಿ ಸಾಕ್ಷಿ ಹೇಳಬೇಕಾಗಿ ಬಂದರೆ ಹಿಂಜರಿಯದೆ ಹೋಗಿ. ಬಿಟ್ಟ ಮೇಲೆ ಕೇಳುವುದಕ್ಕಿಂತ, ಇರುವಾಗಲೇ ಕೇಳುವುದು ಸುಲಭ.

ಆ ಶನಿವಾರ ಮಧ್ಯಾಹ್ನ ಡಾರ್ನ್ಲಿ ತನ್ನ ಬಡಗಿ ಸಲಕರಣೆಗಳ ಚೀಲ ಹೊತ್ತು ಸೇಂಟ್ ಫಿಲಿಪ್ ಬಸ್ಸು ಹತ್ತಿದನಂತೆ. ಎಲ್ಮಿನಾ ಆಮೇಲೆ ನನಗೆ ಹೇಳಿದ್ದು. ಹಿತ್ತಲಿನ ರಾಶಿಯನ್ನೆಲ್ಲ ಇಳಿಸಿ, ಕೆಟ್ಟ ಹಲಗೆಗಳನ್ನು ಬೇರೆ ಮಾಡಿ, ಒಳ್ಳೆಯವನ್ನು ಕಲ್ಲುಗಳ ಮೇಲೆ ಎತ್ತರಕ್ಕೆ ಜೋಡಿಸಿ, ಹೊಸ ತಾಡಪಾಲು ಬಿಗಿದ. ನಿಲ್ಲಿಸಲು ಜಾಗವಿಲ್ಲದ ಮನೆಗೆ ಅಷ್ಟು ಮಾತ್ರ ಮಾಡಬಹುದಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಅವನು ಗೋಡೆಗೆ ಒರಗಿ ಕೂತಿದ್ದ, ಕೈಯೆಲ್ಲ ಮಣ್ಣಾಗಿತ್ತು. ಎಲ್ಮಿನಾ ಒಳಗೆ ಹೋಗಿ, ಬೇಯಿಸಿ ನಿಂಬೆರಸದಲ್ಲಿ ನೆನೆಸಿದ ಹಂದಿಮಾಂಸ, ಹಬೆಯಲ್ಲಿ ಬೇಯಿಸಿದ ಸಿಹಿಗೆಣಸು, ಹೆಚ್ಚಿದ ಸೌತೆಕಾಯಿ ಬಡಿಸಿದ ತಟ್ಟೆಯನ್ನೂ ಕೈತೊಳೆಯಲು ಒಂದು ಚೊಂಬು ನೀರನ್ನೂ ತಂದರು. ಮೊದಲು ನೀರು ಹೊಯ್ದರು. ಆಮೇಲೆ ತಟ್ಟೆಯನ್ನು ಅವನ ಕೈಗಿಟ್ಟರು.